ಕೆರೆಯ ಹಕ್ಕಿ, ಫಾರಂ ಕೋಳಿ, ನಡುವಿನ ದಾರಿ

(ಗಂಗಾವತಿಯಲ್ಲಿ ರೈತರು, ಕೋಳಿ ಸಾಕುವವರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಪಶುವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯ ಪ್ರಶ್ನೋತ್ತರದಲ್ಲಿ ಕೆಲವನ್ನು ಉಳಿಸಿಕೊಂಡಿದೆ.)

2025ರ ಫೆಬ್ರವರಿ ಮುಗಿಯುವ ಹೊತ್ತಿಗೆ ಪಕ್ಕದ ಬಳ್ಳಾರಿ ಜಿಲ್ಲೆಯ ಕುರೆಕುಪ್ಪದಲ್ಲಿ ಕೋಳಿಗಳು ಸಾಯತೊಡಗಿದವು. ಸಂಡೂರು ತಾಲ್ಲೂಕು, ತೋರಣಗಲ್ಲಿನ ಹತ್ತಿರ. ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಯಿತು. ಹಕ್ಕಿ ಜ್ವರ, ಎಚ್5ಎನ್1 ಎಂದು ಉತ್ತರ ಬಂತು. ಅದೇ ದಿನಗಳಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿಯಿಂದಲೂ ಇದೇ ಸುದ್ದಿ. ಆಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಚಿಕನ್ ತಿನ್ನಬಹುದಾ?

ಅದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನೀವು ಬೇರೇನನ್ನೂ ಕೇಳಿಸಿಕೊಳ್ಳುವುದಿಲ್ಲ. ಚೆನ್ನಾಗಿ ಬೇಯಿಸಿದ ಕೋಳಿ, ಮೊಟ್ಟೆ ತಿನ್ನಬಹುದು. 70 ಡಿಗ್ರಿ ಬಿಸಿ ಮಾಂಸದ ಒಳಗಿನವರೆಗೂ ಮುಟ್ಟಿದರೆ ವೈರಸ್ ಸಾಯುತ್ತದೆ. ನಮ್ಮ ಮನೆಯ ಸಾರು ಅದಕ್ಕಿಂತ ಜಾಸ್ತಿಯೇ ಕುದಿಯುತ್ತದೆ. ಅಪಾಯ ಇರುವುದು ಕಾಯಿಲೆ ಬಿದ್ದ ಕೋಳಿಯನ್ನು ಹಿಡಿಯುವ, ಕೊಯ್ಯುವ, ಪುಕ್ಕ ಕೀಳುವ ಕೈಗಳಿಗೆ.

ನನ್ನ ಪ್ರಶ್ನೆ ಬೇರೆ. ಕೋಳಿ ಸಾಯುವುದಕ್ಕೆ ಒಂದು ತಿಂಗಳು ಮೊದಲು ಆ ವೈರಸ್ ಎಲ್ಲಿತ್ತು? ಯಾವ ಕೆರೆಯಲ್ಲಿ, ಯಾವ ಲಾರಿಯಲ್ಲಿ, ಯಾವ ಹಕ್ಕಿಯ ಹೊಟ್ಟೆಯಲ್ಲಿ? ಇದನ್ನು ಮುಂಚೆಯೇ ತಿಳಿಯುವ ಕೆಲಸಕ್ಕೆ ಕಣ್ಗಾವಲು ಎನ್ನುತ್ತೇವೆ. ಅದು ಹೇಗೆ ನಡೆಯುತ್ತದೆ, ಎಲ್ಲಿ ಸೋಲುತ್ತದೆ, ನಮ್ಮ ಕಡೆ ಹೇಗೆ ನಡೆಯಬೇಕು ಎನ್ನುವುದೇ ಇವತ್ತಿನ ಮಾತು.

ವೈರಸ್ ಬಗ್ಗೆ ಸ್ವಲ್ಪ. ಇದು ನಮಗೆಲ್ಲ ಬರುವ ಫ್ಲೂ ವೈರಸ್ಸಿನ ಕುಲದ್ದೇ. ಮೈಮೇಲಿನ ಎರಡು ಪ್ರೋಟೀನುಗಳನ್ನು ನೋಡಿ ಎಚ್ ಮತ್ತು ಎನ್ ಎಂದು ನಂಬರು ಕೊಡುತ್ತಾರೆ. ಕಾಡುಬಾತುಗಳ ಕರುಳಿನಲ್ಲಿ ಇದರ ಸಾಧು ತಳಿಗಳು ಎಷ್ಟೋ ಕಾಲದಿಂದ ಇವೆ. ಬಾತಿಗೆ ಏನೂ ಆಗುವುದಿಲ್ಲ. ಹಿಕ್ಕೆಯಲ್ಲಿ ವೈರಸ್ ಹೊರಗೆ ಬೀಳುತ್ತದೆ, ನೀರು ಸೇರುತ್ತದೆ, ಇನ್ನೊಂದು ಬಾತು ಆ ನೀರು ಕುಡಿಯುತ್ತದೆ. ತೊಂದರೆ ಬರುವುದು ಎಚ್5 ಮತ್ತು ಎಚ್7 ಎಂಬ ಎರಡು ಗುಂಪುಗಳಿಂದ. ಅವು ಒತ್ತೊತ್ತಾಗಿ ಕೋಳಿ ತುಂಬಿದ ಶೆಡ್ಡಿಗೆ ನುಗ್ಗಿದರೆ ಅಲ್ಲಿ ಒಂದರಿಂದ ಒಂದಕ್ಕೆ ಹರಡುತ್ತಾ ರೂಪ ಬದಲಿಸಿಕೊಂಡು ಮಾರಕವಾಗಬಹುದು. ಅಂದರೆ ಸಾಧು ವೈರಸ್ ಕೆರೆಯದ್ದು, ಅದನ್ನು ಕೊಲೆಗಾರ ಮಾಡಿದ್ದು ಬಹುಮಟ್ಟಿಗೆ ನಮ್ಮ ಶೆಡ್ಡು. ಹಕ್ಕಿಗಳನ್ನು ಬೈಯುವ ಮೊದಲು ಇದು ನೆನಪಿರಲಿ.

ಈಗ ಓಡಾಡುತ್ತಿರುವ ಎಚ್5 ವಂಶದ ಮೂಲ ಸಿಕ್ಕಿದ್ದು 1996ರಲ್ಲಿ, ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಸಾಕು ಹೆಬ್ಬಾತಿನಲ್ಲಿ. ಮರುವರ್ಷ ಹಾಂಗ್‌ಕಾಂಗ್‌ನಲ್ಲಿ 18 ಜನರಿಗೆ ತಗುಲಿ 6 ಮಂದಿ ತೀರಿಕೊಂಡರು. ಅಲ್ಲಿಯವರೆಗೆ ಇದು ಸಾಕುಕೋಳಿಯ ರೋಗ ಎಂದೇ ಎಲ್ಲರ ಲೆಕ್ಕ. 2005ರಲ್ಲಿ ಆ ಲೆಕ್ಕ ತಪ್ಪಿತು. ಚೀನಾದ ಚಿಂಗ್‌ಹೈ ಸರೋವರದಲ್ಲಿ ಸಾವಿರಾರು ಕಾಡುಹಕ್ಕಿಗಳು ಸತ್ತುಬಿದ್ದವು. ಅವುಗಳಲ್ಲಿ ಜಾಸ್ತಿ ಇದ್ದದ್ದು ಪಟ್ಟೆತಲೆ ಹೆಬ್ಬಾತು.

ಈ ಹಕ್ಕಿ ನಮಗೆ ಹೊರಗಿನದಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಹಿಂಡುಹಿಂಡಾಗಿ ಬರುತ್ತದೆ. ಹಗಲು ನೀರಿನಲ್ಲಿ ಇರುತ್ತದೆ, ಕತ್ತಲಾಗುತ್ತಿದ್ದಂತೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗುತ್ತದೆ. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುವ ಹಕ್ಕಿ. ಉಪಗ್ರಹ ಯಂತ್ರ ಕಟ್ಟಿ ನೋಡಿದಾಗ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ್ದು ದಾಖಲಾಗಿದೆ.

ಭಾರತದಲ್ಲಿ ಮೊದಲು ಹಕ್ಕಿ ಜ್ವರ ಬಂದದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನವಾಪುರದ ಕೋಳಿ ಫಾರಂಗಳಿಗೆ. ನಮ್ಮ ರಾಜ್ಯಕ್ಕೆ 2012ರಲ್ಲಿ, ಹೆಸರಘಟ್ಟದ ಟರ್ಕಿ ಕೋಳಿಗಳಿಗೆ. 2020ರ ಮಾರ್ಚ್‌ನಲ್ಲಿ ಮೈಸೂರು ಮತ್ತು ಹರಿಹರದ ಕಡೆ. ಹೆಚ್ಚಿನ ಕಡೆ ನಮಗೆ ಮೊದಲು ಕಂಡದ್ದು ಸತ್ತ ಸಾಕುಹಕ್ಕಿ. ಅದು ಕಂಡ ಮೇಲೆ ಮಾಡುವುದೆಲ್ಲ ಬೆಂಕಿ ಆರಿಸುವ ಕೆಲಸ. ಒಂದು ಕಿಲೋಮೀಟರ್ ಒಳಗಿನ ಕೋಳಿ ಕೊಲ್ಲುವುದು, ಹತ್ತು ಕಿಲೋಮೀಟರ್‌ವರೆಗೆ ನಿಗಾ ಇಡುವುದು, ಹೂಳುವುದು, ಸುಣ್ಣ ಹಾಕುವುದು, ಸಂತೆ ನಿಲ್ಲಿಸುವುದು.

ಹಿಮಾಚಲದ ಪೋಂಗ್ ಅಣೆಕಟ್ಟಿನಲ್ಲಿ ಬೇರೆ ಥರ ಆಯಿತು. 2020ರ ಡಿಸೆಂಬರ್ ಕೊನೆಯಲ್ಲಿ ಅಲ್ಲಿನ ಅರಣ್ಯ ಸಿಬ್ಬಂದಿಗೆ ಹೆಬ್ಬಾತುಗಳು ಸತ್ತದ್ದು ಕಂಡಿತು. ಜನವರಿ ಮೊದಲ ವಾರದಲ್ಲೇ ಎಚ್5ಎನ್1 ಎಂದು ಖಚಿತವಾಯಿತು. ಒಟ್ಟು ಸುಮಾರು 5,000 ಹಕ್ಕಿ ಹೋದವು, ಹೆಚ್ಚಿನವು ಇದೇ ಪಟ್ಟೆತಲೆಯವು. ಅಲ್ಲಿ ಅಷ್ಟು ಬೇಗ ಗೊತ್ತಾದದ್ದು ಹೇಗೆ? ಪ್ರತಿ ವರ್ಷ ಹಕ್ಕಿ ಎಣಿಸುವ ರೂಢಿ ಅಲ್ಲಿ ಇತ್ತು. ದಿನವೂ ದಂಡೆಯ ಮೇಲೆ ಓಡಾಡುವ ಸಿಬ್ಬಂದಿ ಇದ್ದರು. ಎಲ್ಲಿ ಎಷ್ಟು ಹಕ್ಕಿ ಇರಬೇಕು ಎನ್ನುವುದು ಅವರಿಗೆ ಗೊತ್ತಿತ್ತು. ಅದಕ್ಕೇ ಯಾವುದು ಸರಿಯಿಲ್ಲ ಎನ್ನುವುದೂ ಕಣ್ಣಿಗೆ ಬಿತ್ತು.

ನಮ್ಮ ತುಂಗಭದ್ರಾ ಹಿನ್ನೀರು 378 ಚದರ ಕಿಲೋಮೀಟರ್. ಮುನಿರಾಬಾದಿನಿಂದ ಆಚೆಗೆ ಕೊಪ್ಪಳದ ಕಡೆಯ ದಂಡೆಯಲ್ಲಿ ಚಳಿಗಾಲದ ಬೆಳಿಗ್ಗೆ ನಿಂತರೆ ಸಾವಿರಗಟ್ಟಲೆ ಬಾತು ಕಾಣಬಹುದು. ಯಾವ ಜಾತಿ ಎಷ್ಟು, ಯಾವ ವಾರ ಬಂದವು, ಎಲ್ಲಿ ರಾತ್ರಿ ಕಳೆಯುತ್ತವೆ? ಈ ಸಭೆಯಲ್ಲಿ ಎಷ್ಟು ಜನ ಹೇಳಬಲ್ಲರು? ಹೊಸಪೇಟೆ ದಾಟಿದರೆ ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ. ಬಳ್ಳಾರಿ ಜಿಲ್ಲೆಯಲ್ಲಿದ್ದಾಗ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲು ಆಯಿತು. ಈಗ ಅದು ವಿಜಯನಗರ ಜಿಲ್ಲೆ. 2024ರಲ್ಲಿ ಮಾಗಡಿ ಕೆರೆಯ ಜೊತೆಗೇ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೂ ಸೇರಿತು. ಅಲ್ಲಿನ ಜಾಲಿ ಮರಗಳ ಮೇಲೆ ಬಣ್ಣದ ಕೊಕ್ಕರೆಗಳ ಗೂಡು ನೋಡಲು ಜನ ಹೋಗುತ್ತಾರೆ, ಫೋಟೊ ತೆಗೆಯುತ್ತಾರೆ. ಒಳ್ಳೆಯದೇ. ಆ ಫೋಟೊಗಳ ಜೊತೆ ಒಂದು ಎಣಿಕೆಯೂ ಬಂದರೆ ನನ್ನಂಥವರ ಕೆಲಸ ಅರ್ಧ ಆದಂತೆ.

ಹಕ್ಕಿ ಮೇಲೆ ಅನುಮಾನ ಪಡುವುದು ನಮ್ಮ ರಾಜ್ಯಕ್ಕೆ ಹೊಸದಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು, ಜನರಿಗೂ ಜ್ವರ ಬಂತು. ವೈರಸ್ ನೋಡಿದರೆ ರಷ್ಯಾದ ಕಡೆ ಉಣುಗಿನಿಂದ ಬರುವ ಮಿದುಳು ಜ್ವರದ ವೈರಸ್ಸಿಗೆ ಹತ್ತಿರದ ನೆಂಟ. ಅಷ್ಟು ದೂರದಿಂದ ಇಲ್ಲಿಗೆ ತಂದವರು ಯಾರು? ವಲಸೆ ಹಕ್ಕಿಗಳ ಮೈಮೇಲಿನ ಉಣುಗೇ ಇರಬೇಕು ಎಂದು ಕೆಲವರು ಊಹಿಸಿದರು. ಪಕ್ಷಿತಜ್ಞ ಸಲೀಂ ಅಲಿ ಅವರು ಇದನ್ನೇ ಅವಕಾಶ ಮಾಡಿಕೊಂಡರು. ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೊಡ್ಡ ಮಟ್ಟದಲ್ಲಿ ಹಕ್ಕಿ ಹಿಡಿದು ಕಾಲಿಗೆ ಉಂಗುರ ತೊಡಿಸುವ ಕೆಲಸ ಶುರು ಮಾಡಿತು. ಮಂಗನ ಕಾಯಿಲೆಯನ್ನು ಹಕ್ಕಿ ತಂದಿತು ಎನ್ನುವುದು ಸಾಬೀತಾಗಲಿಲ್ಲ. ಆದರೆ ಯಾವ ಬಾತು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಇವತ್ತು ನಮಗೆ ಗೊತ್ತಿರುವುದರಲ್ಲಿ ಬಹಳಷ್ಟು ಆ ಉಂಗುರಗಳಿಂದಲೇ ಬಂದದ್ದು. ಅನುಮಾನದಿಂದ ಶುರುವಾದ ಎಣಿಕೆ ಕೂಡ ವ್ಯರ್ಥವಲ್ಲ ನೋಡಿ.

ಕಣ್ಗಾವಲಿನಲ್ಲಿ ಎರಡು ಬಗೆ. ಒಂದು, ಸತ್ತ ಅಥವಾ ಒದ್ದಾಡುವ ಹಕ್ಕಿ ಸಿಕ್ಕಾಗ ಪರೀಕ್ಷೆಗೆ ಕಳಿಸುವುದು. ಇನ್ನೊಂದು, ಆರೋಗ್ಯವಾಗಿರುವ ಹಕ್ಕಿಗಳಿಂದ ಮಾದರಿ ತೆಗೆಯುವುದು. ಎರಡನೆಯದಕ್ಕೆ ಬಲೆ ಹಾಕಬೇಕು. ವನ್ಯಜೀವಿ ಕಾಯ್ದೆ ಪ್ರಕಾರ ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಪಶುವೈದ್ಯ ಸುಮ್ನೆ ಹೋಗಿ ಹಿಡಿಯುವ ಹಾಗಿಲ್ಲ. ಹಿಡಿದ ಹಕ್ಕಿಯ ಗಂಟಲಿಗೆ ಒಂದು ಹತ್ತಿಕಡ್ಡಿ, ಮಲದ್ವಾರಕ್ಕೆ ಒಂದು. ಕೋವಿಡ್ ಕಾಲದಲ್ಲಿ ನಿಮ್ಮ ಮೂಗಿಗೆ ಹಾಕಿದರಲ್ಲ, ಅದೇ ಸ್ವಾಬ್. ಆ ಕಡ್ಡಿ ದ್ರಾವಣ ಇರುವ ಕೊಳವೆಗೆ, ಕೊಳವೆ ಐಸ್ ಬಾಕ್ಸಿಗೆ. ಮುಂದಿನದು ಆರ್‌ಟಿ-ಪಿಸಿಆರ್, ಅಂದರೆ ವೈರಸ್ಸಿನ ವಂಶವಾಹಿ ಹುಡುಕುವ ಪರೀಕ್ಷೆ. ಕೊನೆಯ ಮಾತು ಮಾತ್ರ ಭೋಪಾಲದ್ದು. ಅಲ್ಲಿನ ರಾಷ್ಟ್ರೀಯ ಉನ್ನತ ಸುರಕ್ಷತಾ ಪ್ರಾಣಿ ರೋಗ ಸಂಸ್ಥೆ ಹೇಳಿದ ಮೇಲೆಯೇ ಹಕ್ಕಿ ಜ್ವರ ಎಂದು ಘೋಷಣೆ. ಬಲೆ ಹಾಕಲು ಆಗದ ಕಡೆ ಹಿಂಡು ಎದ್ದು ಹೋದ ಕೂಡಲೇ ದಂಡೆಯ ಹಸಿ ಹಿಕ್ಕೆ ಎತ್ತುತ್ತೇವೆ. ಅಗ್ಗದ ದಾರಿ, ಹಕ್ಕಿಗೂ ಹಿಂಸೆ ಇಲ್ಲ. ಆದರೆ ಯಾವ ಹಕ್ಕಿಯ ಹಿಕ್ಕೆ ಎಂದು ಹೇಳುವುದು ಕಷ್ಟ. ಬಿಸಿಲು ಏರಿದರೆ ಮಾದರಿ ಹಾಳು. ಹಿಕ್ಕೆಯಲ್ಲಿರುವ ವೈರಸ್ 4 ಡಿಗ್ರಿಯಲ್ಲಿ ತಿಂಗಳು ಬದುಕಬಲ್ಲದು, 20 ಡಿಗ್ರಿಗೆ ವಾರವಷ್ಟೇ. ನಮ್ಮ ರಾಯಚೂರು ಬಿಸಿಲಿಗೆ ಎಷ್ಟು ಹೊತ್ತು ತಡೆದೀತು, ನೀವೇ ಯೋಚಿಸಿ. ನಮ್ಮ ಬೇಸಿಗೆಯಿಂದ ಒಂದು ಉಪಕಾರ ಆಗಿದ್ದರೆ ಇದೇ ಇರಬೇಕು.

ಎಷ್ಟು ಹಕ್ಕಿಯಿಂದ ಮಾದರಿ ತೆಗೆಯಬೇಕು? ಇಲ್ಲಿ ಸ್ವಲ್ಪ ನಿಲ್ಲೋಣ, ಏಕೆಂದರೆ ಎಲ್ಲರೂ ಎಡವುವುದು ಇಲ್ಲೇ. ಅನ್ನ ಬೆಂದಿದೆಯಾ ಎಂದು ಒಂದು ಅಗುಳು ಹಿಚುಕಿ ನೋಡುತ್ತೇವೆ. ಪಾತ್ರೆಯ ಅನ್ನವೆಲ್ಲ ಒಂದೇ ನೀರಿನಲ್ಲಿ ಬೆಂದಿರುತ್ತದೆ, ಹಾಗಾಗಿ ಆ ಲೆಕ್ಕ ಸರಿ. ಕೆರೆಯ ಹಕ್ಕಿಗೆ ಆ ಲೆಕ್ಕ ನಡೆಯುವುದಿಲ್ಲ. ನೂರು ಹಕ್ಕಿಯಲ್ಲಿ ಒಂದಕ್ಕೆ ಮಾತ್ರ ವೈರಸ್ ಇದೆ ಎಂದುಕೊಳ್ಳಿ. ದೊಡ್ಡ ಹಿಂಡಿನಿಂದ 50 ಮಾದರಿ ತೆಗೆದರೆ ಹತ್ತರಲ್ಲಿ ಆರು ಸಲ ನಿಮಗೆ ಏನೂ ಸಿಗುವುದಿಲ್ಲ. ವೈರಸ್ ಅಲ್ಲೇ ಇರುತ್ತದೆ, ನಿಮ್ಮ ಕೈಗೆ ಬಂದಿರುವುದಿಲ್ಲ ಅಷ್ಟೇ. 300 ಮಾದರಿ ತೆಗೆದರೆ ತಪ್ಪಿಹೋಗುವ ಸಾಧ್ಯತೆ ನೂರಕ್ಕೆ ಐದಕ್ಕೆ ಇಳಿಯುತ್ತದೆ. ಹಾಗಾಗಿ 'ಐವತ್ತು ಹಕ್ಕಿ ಪರೀಕ್ಷೆ ಮಾಡಿದೆವು, ಎಲ್ಲ ನೆಗೆಟಿವ್, ಕೆರೆ ಸುರಕ್ಷಿತ' ಎಂಬ ಸುದ್ದಿ ಓದಿದರೆ ನಾನು ಸಮಾಧಾನ ಪಡುವುದಿಲ್ಲ. ಎಷ್ಟರಲ್ಲಿ ಎಷ್ಟು, ಯಾವ ಜಾತಿ, ಯಾವ ತಿಂಗಳು ಎಂದು ಕೇಳುತ್ತೇನೆ. ನೀವೂ ಕೇಳಿ.

ತಿಂಗಳು ಮುಖ್ಯ. ಆ ವರ್ಷ ಹುಟ್ಟಿದ ಮರಿಗಳಿಗೆ ಈ ವೈರಸ್ಸಿನ ಪರಿಚಯ ಇರುವುದಿಲ್ಲ, ಅವುಗಳಲ್ಲಿ ಸೋಂಕು ಜಾಸ್ತಿ. ವಲಸೆ ಬರುವಾಗ ಅವೇ ಹಿಂಡಿನಲ್ಲಿ ತುಂಬಿರುತ್ತವೆ. ಬರುವುದು ಅಕ್ಟೋಬರ್, ನವೆಂಬರ್‌ನಲ್ಲಿ, ಹೋಗುವುದು ಮಾರ್ಚ್ ಹೊತ್ತಿಗೆ. ಬಂದ ಹೊಸತರಲ್ಲೇ ಮಾದರಿ ತೆಗೆದರೆ ಕೆಲಸಕ್ಕೆ ಬರುತ್ತದೆ.

ಜಾತಿಯೂ ಮುಖ್ಯ. ಕೆಲವು ಜಾತಿಯ ಬಾತುಗಳು ವೈರಸ್ ಹೊತ್ತರೂ ಆರಾಮಾಗಿ ಈಜಾಡಿಕೊಂಡು ಇರಬಲ್ಲವು. ಹೆಬ್ಬಾತು, ಹಂಸ, ಕಾಗೆ ಬೇಗ ಸಾಯುತ್ತವೆ. ಸತ್ತದ್ದನ್ನೇ ಹುಡುಕಿದರೆ ಹೊತ್ತದ್ದು ತಪ್ಪಿಸಿಕೊಳ್ಳುತ್ತದೆ, ಬದುಕಿದ್ದನ್ನೇ ಹಿಡಿದರೆ ಸುದ್ದಿ ತಡವಾಗುತ್ತದೆ. ಎರಡೂ ಬೇಕು.

ಇನ್ನೊಂದು ಮಾತು. ಸತ್ತ ಹಕ್ಕಿಯೆಲ್ಲ ಹಕ್ಕಿ ಜ್ವರದ್ದಲ್ಲ. 2019ರ ನವೆಂಬರ್‌ನಲ್ಲಿ ರಾಜಸ್ಥಾನದ ಸಾಂಭರ್ ಸರೋವರದಲ್ಲಿ 18,000ಕ್ಕೂ ಹೆಚ್ಚು ಹಕ್ಕಿ ಸತ್ತವು. ಮೊದಲು ಎಲ್ಲರ ಬಾಯಲ್ಲೂ ಹಕ್ಕಿ ಜ್ವರವೇ. ಪರೀಕ್ಷೆ ಮಾಡಿದರೆ ಬಾಟುಲಿಸಂ ಎಂಬ ವಿಷ. ಸತ್ತ ಹಕ್ಕಿಯಲ್ಲಿ ಹುಳ ಬೀಳುತ್ತದೆ, ಹುಳದಲ್ಲಿ ವಿಷ ಸೇರುತ್ತದೆ, ಅದನ್ನು ತಿಂದ ಇನ್ನೊಂದು ಹಕ್ಕಿ ಸಾಯುತ್ತದೆ. ಅಲ್ಲಿ ಮದ್ದು ಎಂದರೆ ಹೆಣಗಳನ್ನು ಬೇಗ ಎತ್ತುವುದು. ನಮ್ಮ ಕಡೆ ಭತ್ತಕ್ಕೆ ಹೊಡೆಯುವ ಕೀಟನಾಶಕದಿಂದಲೂ ಹಕ್ಕಿ ಸಾಯಬಹುದು, ಕೋಳಿಗಳಿಗೆ ಕೊಕ್ಕರೆ ರೋಗ (ರಾಣಿಖೇತ್) ಇದ್ದೇ ಇದೆ. ಹೊರಗಿನಿಂದ ನೋಡಿ ಹೇಳುವ ಹಾಗಿಲ್ಲ. ಪರೀಕ್ಷೆಗೆ ಮೊದಲೇ ವಾಟ್ಸಾಪಿನಲ್ಲಿ ತೀರ್ಪು ಕೊಟ್ಟರೆ ನಷ್ಟ ಯಾರಿಗೆ? ಕೋಳಿ ಸಾಕಿದ ರೈತನಿಗೆ.

ಈಗ ನಡುವಿನ ದಾರಿಗೆ ಬರುತ್ತೇನೆ. ಹಿಮಾಲಯ ದಾಟಿ ಬಂದ ಹೆಬ್ಬಾತು ನಿಮ್ಮ ಶೆಡ್ಡಿನ ಒಳಗೆ ಬಂದು ಕೂರುವುದಿಲ್ಲ. ಅದು ಮೇಯ್ದ ಹೊಲದಲ್ಲಿ ಕಾಗೆ ಇಳಿಯುತ್ತದೆ. ಬೆಳ್ಳಕ್ಕಿ ಇಳಿಯುತ್ತದೆ. ಎಡದಂಡೆ ಕಾಲುವೆ ಇಲ್ಲಿಂದ ಸಿಂಧನೂರು, ಮಾನ್ವಿಯ ಕಡೆಗೆ ಹರಿಯುತ್ತದೆ, ಉದ್ದಕ್ಕೂ ಗದ್ದೆ. ಕೊಯ್ಲು ಮುಗಿದ ಮೇಲೆ ಉದುರಿದ ಕಾಳಿಗೆ ಕಾಡುಬಾತೂ ಬರುತ್ತದೆ, ಸಾಕುಬಾತಿನ ಹಿಂಡು ಹೊಡೆದುಕೊಂಡು ಬರುವವರೂ ಬರುತ್ತಾರೆ. ಒಂದೇ ಗದ್ದೆ, ಒಂದೇ ನೀರು. ಆ ಹಿಂಡು ಆಮೇಲೆ ಲಾರಿ ಹತ್ತಿ ಇನ್ನೊಂದು ತಾಲ್ಲೂಕಿಗೆ ಹೋಗುತ್ತದೆ. ಕಾಡುಹಕ್ಕಿ ಮತ್ತು ಸಾಕುಹಕ್ಕಿ ನಿಜವಾಗಿ ಮುಖಾಮುಖಿ ಆಗುವ ಜಾಗ ಇದು. ನನ್ನನ್ನು ಕೇಳಿದರೆ ನಮ್ಮ ಸುತ್ತಿನ ಜಿಲ್ಲೆಗಳಲ್ಲಿ ಹತ್ತಿಕಡ್ಡಿ ಮೊದಲು ಹೋಗಬೇಕಾದದ್ದು ಇಲ್ಲಿಗೆ. ಆ ಬಾತು ಕಾಯುವವರನ್ನು ಹೆದರಿಸಬಾರದು. ಹೆದರಿದರೆ ರಾತ್ರೋರಾತ್ರಿ ಹಿಂಡು ಖಾಲಿ ಮಾಡಿಕೊಂಡು ಹೋಗುತ್ತಾರೆ, ವೈರಸ್ಸೂ ಜೊತೆಗೇ ಹೋಗುತ್ತದೆ.

ಇನ್ನು ಕೋಳಿ ಅಂಗಡಿಯ ತ್ಯಾಜ್ಯ. ಊರ ಹೊರಗೆ ರಸ್ತೆ ಬದಿಗೆ ಚೀಲಗಟ್ಟಲೆ ಸುರಿಯುತ್ತೇವೆ. ಹದ್ದು, ಕಾಗೆ, ನಾಯಿ ಅಲ್ಲೇ ಸೇರುತ್ತವೆ. ದಾರಿ ಎರಡೂ ಕಡೆಗೆ ಇದೆ, ಅಲ್ವಾ? ಕೆರೆಯಿಂದ ಫಾರಂಗೆ ಬಂದಂತೆ ಫಾರಂನಿಂದ ಕೆರೆಗೂ ಹೋಗುತ್ತದೆ. ಫಾರಂನಿಂದ ಫಾರಂಗೆ ಹೋಗುವುದಂತೂ ಮೊಟ್ಟೆ ಟ್ರೇ, ಗಾಡಿಯ ಚಕ್ರ, ಕೆಲಸದವರ ಚಪ್ಪಲಿಯ ಮೇಲೆ. ಅದಕ್ಕೆ ಯಾವ ಹಕ್ಕಿಯೂ ಬೇಕಿಲ್ಲ.

ಇದು ಹಕ್ಕಿಗಷ್ಟೇ ನಿಲ್ಲುವುದೂ ಇಲ್ಲ. ನಾಗಪುರದ ಗೋರೆವಾಡ ವನ್ಯಜೀವಿ ರಕ್ಷಣಾ ಕೇಂದ್ರದಲ್ಲಿ 2024ರ ಡಿಸೆಂಬರ್‌ನಲ್ಲಿ ಮೂರು ಹುಲಿ, ಒಂದು ಚಿರತೆ ಎಚ್5ಎನ್1ನಿಂದ ಸತ್ತವು. ಅಮೆರಿಕದಲ್ಲಿ ಅದೇ ವರ್ಷ ಹಾಲು ಕೊಡುವ ಹಸುಗಳಿಗೆ ತಗುಲಿತು. ಬ್ರಿಟನ್ನಿನಲ್ಲಿ ನೀರುನಾಯಿಗಳಲ್ಲೂ ಈ ವೈರಸ್ ಸಿಕ್ಕಿದೆ. ಮುದ್ಲಾಪುರದಿಂದ ಕಂಪ್ಲಿವರೆಗೆ 34 ಕಿಲೋಮೀಟರ್ ಹೊಳೆ ನೀರುನಾಯಿಗೆಂದೇ ಮೀಸಲಾಗಿದೆ. ಹಾಗಾಗಿ ಹೊಳೆದಂಡೆಯಲ್ಲಿ ಸತ್ತ ನೀರುನಾಯಿ ಸಿಕ್ಕರೂ ಇದೇ ಕಣ್ಣಿನಿಂದ ನೋಡಬೇಕು.

ಕೊನೆಯದಾಗಿ ಒಂದು ತಕರಾರು. ಕೋಳಿ ಸತ್ತರೆ ಪಶುಪಾಲನಾ ಇಲಾಖೆ, ಕೊಕ್ಕರೆ ಸತ್ತರೆ ಅರಣ್ಯ ಇಲಾಖೆ, ಮನುಷ್ಯನಿಗೆ ಜ್ವರ ಬಂದರೆ ಆರೋಗ್ಯ ಇಲಾಖೆ. ಮೂರಕ್ಕೂ ಮೂರು ಕಡತ. ವೈರಸ್ಸಿಗೆ ಈ ಗಡಿ ಗೊತ್ತಿಲ್ಲ. ಚಳಿಗಾಲ ಶುರುವಾಗುವ ಮೊದಲು ಮೂವರೂ ಒಂದು ಮೇಜಿನ ಸುತ್ತ ಕೂತು ಈ ಕೆರೆಗೆ ಯಾರು ಹೋಗುತ್ತಾರೆ, ಐಸ್ ಬಾಕ್ಸ್ ಯಾರ ಹತ್ತಿರ ಇದೆ, ಗಾಡಿ ಯಾರದು ಎಂದು ಬರೆದಿಟ್ಟುಕೊಂಡರೆ ಸಾಕು. ದೊಡ್ಡ ಯಂತ್ರ ಏನೂ ಬೇಡ. ನೀರಗಂಟಿ, ಮೀನು ಹಿಡಿಯುವವರು, ಕುರಿ ಕಾಯುವವರು ದಿನವೂ ಕೆರೆ ನೋಡುತ್ತಾರೆ. ಅವರ ಫೋನಿನಲ್ಲಿ ಒಂದು ನಂಬರು ಇದ್ದರೆ, ಆ ನಂಬರಿನವರು ಫೋನ್ ಎತ್ತಿದರೆ, ಅದೇ ಒಳ್ಳೆಯ ಕಣ್ಗಾವಲು. ಕಾಲೇಜಿನ ಮಕ್ಕಳಿಗೆ ಒಂದು ಕೆಲಸ: ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ, 1987ರಿಂದಲೂ. ಯಾರು ಬೇಕಾದರೂ ಸೇರಬಹುದು. ಒಂದು ಕೆರೆ ಹಿಡಿದು ಅದನ್ನೇ ವರ್ಷವರ್ಷವೂ ಎಣಿಸಿ.

ಪ್ರಶ್ನೆಗಳು

'ಸರ್, ನಾವು ಜವಾರಿ ಕೋಳಿ ಬಿಟ್ಟು ಮೇಯಸ್ತೀವ್ರಿ. ಮನೀ ಹಿಂದನ ಕೆರಿ. ಏನ್ ಮಾಡ್ಬೇಕ್ರಿ?'

ಡಿಸೆಂಬರ್, ಜನವರಿಯಲ್ಲಿ ಕೆರೆ ಕಡೆ ಬಿಡಬೇಡಮ್ಮ. ನೀರು, ಕಾಳು ಮನೆ ಹತ್ತಿರ, ಮುಚ್ಚಿದ ಕಡೆ ಕೊಡು. ಕೆರೆ ನೀರನ್ನು ಹಾಗೇ ಕುಡಿಸಬೇಡ. ಒಂದೆರಡು ದಿನದಲ್ಲಿ ನಾಲ್ಕೈದು ಕೋಳಿ ದಿಢೀರ್ ಸತ್ತರೆ ಉಳಿದದ್ದನ್ನು ಸಂತೆಗೆ ಒಯ್ಯಬೇಡ, ಸತ್ತದ್ದನ್ನು ಕಾಲುವೆಗೆ ಎಸೆಯಬೇಡ. ಪಶು ಆಸ್ಪತ್ರೆಗೆ ಹೇಳು. 2009ರ ಪ್ರಾಣಿಗಳ ಸಾಂಕ್ರಾಮಿಕ ರೋಗ ತಡೆ ಕಾಯ್ದೆ ಪ್ರಕಾರ ಇಂಥ ರೋಗದ ಅನುಮಾನ ಬಂದರೆ ತಿಳಿಸುವುದು ಸಾಕಿದವರ ಹೊಣೆ.

'ಹೇಳಿದರೆ ನಮ್ಮ ಕೋಳಿ ಎಲ್ಲಾ ಕೊಲ್ತಾರಲ್ರಿ?'

ಹೌದು, ರೋಗ ಖಚಿತವಾದರೆ ಕೊಲ್ಲುತ್ತಾರೆ. ಕೊಂದ ಕೋಳಿಗೆ ಪರಿಹಾರ ಇದೆ. ತಾನಾಗಿ ಸತ್ತದ್ದಕ್ಕೆ ಇಲ್ಲ. ಹಾಗಾಗಿ ಲೆಕ್ಕ ಹಾಕಿದರೂ ಬೇಗ ಹೇಳಿದವನಿಗೇ ಲಾಭ. ಪರಿಹಾರ ಬೇಗ ಕೈಗೆ ಸಿಗಬೇಕು ಎನ್ನುವ ನಿಮ್ಮ ಮಾತು ನ್ಯಾಯ. ಅದು ತಡವಾದಷ್ಟೂ ಮುಂದಿನ ಸಲ ಸುದ್ದಿ ಮುಚ್ಚಿಡುವವರು ಹೆಚ್ಚುತ್ತಾರೆ.

'ಕೋಳಿಗೆ ಲಸಿಕೆ ಹಾಕಬಾರದೇನ್ರಿ?'

ಚೀನಾ ಹಾಕುತ್ತದೆ. ಫ್ರಾನ್ಸ್ 2023ರಿಂದ ಸಾಕುಬಾತುಗಳಿಗೆ ಹಾಕುತ್ತಿದೆ. ನಮ್ಮಲ್ಲಿ ಎಚ್5ಎನ್1ಗೆ ಇರುವ ನೀತಿ ಪತ್ತೆ ಹಚ್ಚಿ ಕೊಲ್ಲುವುದು. ಲಸಿಕೆಯಲ್ಲಿ ಒಂದು ತೊಡಕಿದೆ. ಲಸಿಕೆ ಹಾಕಿದ ಕೋಳಿ ಸಾಯದೆಯೇ ವೈರಸ್ ಹರಡಬಹುದು. ಆಗ ಸತ್ತ ಕೋಳಿ ಎಂಬ ಸೂಚನೆಯೂ ಕೈತಪ್ಪುತ್ತದೆ. ಲಸಿಕೆ ತಂದರೆ ಕಣ್ಗಾವಲು ದುಪ್ಪಟ್ಟು ಬೇಕು. ಇರುವುದನ್ನೇ ಸರಿಯಾಗಿ ಮಾಡದೆ ಅದಕ್ಕೆ ಕೈಹಾಕುವುದು ನನಗೆ ಸರಿ ಕಾಣುವುದಿಲ್ಲ.

'ಸರ್, ಒಂದು ಕಾಗೆ ಸತ್ತು ಬಿದ್ದಿದ್ರೂ ಹೇಳ್ಬೇಕಾ?'

ಒಂದು ಕಾಗೆ ಕರೆಂಟ್ ತಂತಿಗೂ ಸಾಯುತ್ತದೆ, ಗಾಡಿಗೂ ಸಾಯುತ್ತದೆ. ಮರುದಿನ ಅದೇ ಜಾಗ ಇನ್ನೊಮ್ಮೆ ನೋಡು. ಮತ್ತೆ ಎರಡು ಮೂರು ಬಿದ್ದಿದ್ದರೆ, ಅಥವಾ ಕತ್ತು ತಿರುಚಿಕೊಂಡು ಹಾರಲಾಗದೆ ಒದ್ದಾಡುತ್ತಿದ್ದರೆ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡು, ಅರಣ್ಯ ಇಲಾಖೆಗೂ ತಿಳಿಸು. ಕೈಯಿಂದ ಮುಟ್ಟಬೇಡ, ನಾಯಿಯನ್ನು ಹತ್ತಿರ ಬಿಡಬೇಡ. ಜಾಗ, ದಿನ, ಎಷ್ಟು ಹಕ್ಕಿ, ಇಷ್ಟು ಹೇಳು. ಹಕ್ಕಿಯ ಹೆಸರು ಗೊತ್ತಿಲ್ಲದಿದ್ದರೆ ದೂರದಿಂದಲೇ ಒಂದು ಫೋಟೊ ತೆಗೆದು ಕಳಿಸು, ಹೆಸರು ನಾವು ಹುಡುಕಿಕೊಳ್ಳುತ್ತೇವೆ.